ನಕ್ಷತ್ರವನ್ನು ನಕ್ಷೆಯ ಮೇಲೆ ಕೂರಿಸುವುದು ಹೇಗೆ?

ಹರ್ಟ್ಸ್‌ಪ್ರಂಗ್–ರಸೆಲ್ ನಕ್ಷೆ (ನಕ್ಷತ್ರಗಳನ್ನು ತಾಪಮಾನ, ಹೊಳಪಿನ ಪ್ರಕಾರ ಚುಕ್ಕಿಗಳಾಗಿ ಗುರುತಿಸುವ ನಕ್ಷೆ) ಬರೆಯಲು ಕೂತವರು ಎಡವುವುದು ತಾಪಮಾನದಲ್ಲಲ್ಲ, ಕಾಂತಿಮಾನದಲ್ಲಿ (ಹೊಳಪಿನ ಅಳತೆಯಲ್ಲಿ). ಸುಲಭದ್ದನ್ನು ಮೊದಲು ಮುಗಿಸೋಣ.

1. ತಾಪಮಾನ. ನಕ್ಷತ್ರಗಳ ಪಟ್ಟಿಯಲ್ಲಿ ‘ಬಿ–ವಿ’ ಅಂಕಣ ಹುಡುಕಿ. ನೀಲಿ ಬೆಳಕಿನಲ್ಲಿ ಅಳೆದ ಕಾಂತಿಮಾನದಿಂದ ಹಳದಿ-ಹಸಿರು ಬೆಳಕಿನಲ್ಲಿ ಅಳೆದದ್ದನ್ನು ಕಳೆದಾಗ ಬರುವ ಸಂಖ್ಯೆ ಅದು. ಸೂರ್ಯನಿಗೆ ಅದು ಸುಮಾರು 0.65. ಸೊನ್ನೆಗಿಂತ ಕಡಿಮೆಯಾದರೆ ನೀಲಿ, ಬಿಸಿ, 1.5 ದಾಟಿದರೆ ಕೆಂಪು, ತಣ್ಣಗೆ. ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ವರ್ಗ ಸಿಕ್ಕರೆ ಇನ್ನೂ ಒಳ್ಳೆಯದು: ಓ, ಬಿ, ಎ, ಎಫ್, ಜಿ, ಕೆ, ಎಂ. ಓ ವರ್ಗದ್ದು 30,000 ಕೆಲ್ವಿನ್‌ಗೂ ಮೇಲೆ, ಎಂ ವರ್ಗದ್ದು 3,700ಕ್ಕೂ ಕೆಳಗೆ. ಮೊಬೈಲ್ ಆ್ಯಪ್ ತೋರಿಸುವ ಬಣ್ಣವನ್ನು ಮಾತ್ರ ನಂಬಬೇಡಿ. ಅಂದಕ್ಕೆ ಬಳಿದ ಬಣ್ಣ ಅದು.

2. ನಿಜವಾದ ಹೊಳಪು. ಕಣ್ಣಿಗೆ ಕಾಣುವ ಕಾಂತಿಮಾನವನ್ನೇ ನಕ್ಷೆಗೆ ಹಾಕಿದರೆ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗುತ್ತವೆ. ಹತ್ತಿರದ ಮಂಕು ನಕ್ಷತ್ರವೂ ದೂರದ ಪ್ರಖರ ನಕ್ಷತ್ರವೂ ಒಂದೇ ಸಾಲಿಗೆ ಬರುವುದೇ ಕಾರಣ. ಎಲ್ಲವನ್ನೂ 10 ಪಾರ್ಸೆಕ್ (32.6 ಜ್ಯೋತಿರ್ವರ್ಷ) ದೂರದಲ್ಲಿಟ್ಟಂತೆ ಲೆಕ್ಕ ಹಾಕಬೇಕು. ತೋರಿಕೆಯ ಕಾಂತಿಮಾನಕ್ಕೆ 5 ಕೂಡಿಸಿ. ಲಂಬನ ಕೋನದ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನದ ಅರ್ಧ, ಡಿಗ್ರಿಯ 3,600ನೇ ಒಂದು ಭಾಗವಾದ ಆರ್ಕ್‌ಸೆಕೆಂಡ್‌ಗಳಲ್ಲಿ) ಹತ್ತರ ಲಾಗರಿದಮ್ ತೆಗೆದು, ಐದರಿಂದ ಗುಣಿಸಿ, ಅದನ್ನೂ ಕೂಡಿಸಿ.

ಉದಾಹರಣೆಗೆ ಲುಬ್ಧಕ (ಸಿರಿಯಸ್): ತೋರಿಕೆ −1.46, ಲಂಬನ 0.379. ಲಾಗ್ −0.421, ಐದು ಪಟ್ಟು −2.11. ಉತ್ತರ 1.43.

ಎಡವಟ್ಟಾಗುವುದು ಇಲ್ಲೇ. ಹಿಪಾರ್ಕಸ್, ಗಾಯಾ ಉಪಗ್ರಹಗಳ ಪಟ್ಟಿಗಳು ಲಂಬನವನ್ನು ಮಿಲಿಆರ್ಕ್‌ಸೆಕೆಂಡ್‌ಗಳಲ್ಲಿ (ಆರ್ಕ್‌ಸೆಕೆಂಡಿನ ಸಾವಿರದ ಒಂದು ಭಾಗ) ಕೊಡುತ್ತವೆ. 379 ಎಂದೇ ಹಾಕಿದರೆ ಉತ್ತರ 16.43, ಅಂದರೆ ನಕ್ಷತ್ರ ಹತ್ತು ಲಕ್ಷ ಪಟ್ಟು ಮಂಕಾಗಿ, 15 ಕಾಂತಿಮಾನ ಕೆಳಗೆ ಬಿದ್ದಿರುತ್ತದೆ. ಮೊದಲು 1000ದಿಂದ ಭಾಗಿಸಿ. ಗಾಯಾ ಪಟ್ಟಿಯಲ್ಲಿ ಋಣ ಲಂಬನಗಳೂ ಇವೆ. ಅಳತೆಯ ದೋಷವೇ ಅಳತೆಗಿಂತ ದೊಡ್ಡದಾದಾಗ ಹೀಗಾಗುತ್ತದೆ. ಅವುಗಳಿಗೆ ಲಾಗ್ ಸಿಗದು. ದೋಷ ಶೇ 10 ಮೀರಿದ ಸಾಲುಗಳನ್ನು ಮುಲಾಜಿಲ್ಲದೆ ಅಳಿಸಿ. ಸರಾಸರಿ ತೆಗೆದು ಉಳಿಸಿಕೊಳ್ಳುವ ಅಡ್ಡದಾರಿ ಬೇಡ.

3. ಅಕ್ಷಗಳು. ಬಿಸಿ ಎಡಕ್ಕೆ, ಹೊಳಪು ಮೇಲಕ್ಕೆ. ಕಾಂತಿಮಾನದಲ್ಲಿ ಸಣ್ಣ ಸಂಖ್ಯೆಯೇ ಹೆಚ್ಚು ಪ್ರಖರ. ಸ್ಪ್ರೆಡ್‌ಶೀಟ್ ಅದನ್ನು ತಾನಾಗಿ ತಿರುಗಿಸುವುದಿಲ್ಲ, ನೀವೇ ತಿರುಗಿಸಿ.

4. ದೈತ್ಯವೋ ಕುಬ್ಜವೋ? ರೋಹಿಣಿ (ಆಲ್ಡೆಬರಾನ್) ಮತ್ತು 61 ಸಿಗ್ನಿ ಎ ನಕ್ಷತ್ರಗಳೆರಡೂ ಕೆ5, ಅಂದರೆ ಕೆ ವರ್ಗದ ಒಂದೇ ಉಪವರ್ಗ. ಆದರೂ ರೋಹಿಣಿಯ ಹೊಳಪು ಸಾವಿರ ಪಟ್ಟಿಗೂ ಹೆಚ್ಚು. ಮೊದಲನೆಯದು ದೈತ್ಯ (ಹೊಳಪಿನ 3ನೇ ದರ್ಜೆ), ಎರಡನೆಯದು ಕುಬ್ಜ (5ನೇ ದರ್ಜೆ). ದೂರ ಗೊತ್ತಿಲ್ಲದಿದ್ದರೆ ರೋಹಿತದ ಗೆರೆಗಳನ್ನು ನೋಡಿ. ಕುಬ್ಜದ ವಾತಾವರಣದಲ್ಲಿ ಒತ್ತಡ ಹೆಚ್ಚು, ಆದ್ದರಿಂದ ಹಲವು ಗೆರೆಗಳು ಅಗಲ. ದೈತ್ಯದ್ದು ವಿರಳ, ಗೆರೆಗಳು ಸಪೂರ.

ದೂರದ ನಕ್ಷತ್ರಗಳಲ್ಲಿ ಧೂಳಿನ ಲೆಕ್ಕವೂ ಬರುತ್ತದೆ. ಧೂಳು ಬೆಳಕನ್ನು ಕೆಂಪಾಗಿಸುವುದಲ್ಲದೆ ಮಂಕಾಗಿಸುತ್ತದೆ. ಧೂಳಿನಿಂದಾಗಿ ಬಿ–ವಿ 0.1 ಹೆಚ್ಚಿದ್ದರೆ ಕಾಂತಿಮಾನದಿಂದ ಸುಮಾರು 0.31 ಕಳೆಯಿರಿ.