ಅಡಿಕೆ ವಖಾರಿಯ ಎಐ ಏಜೆಂಟಿಗೆ ಟೂಲ್ ವಿವರಣೆ ಬರೆದದ್ದು

ಶಿರಸಿ ಕಡೆಯ ನಾಲ್ಕೈದು ಅಡಿಕೆ ವಖಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. 2025ರ ಏಪ್ರಿಲ್‌ನಲ್ಲಿ ಅದಕ್ಕೊಂದು ಏಜೆಂಟ್ ಜೋಡಿಸಿದೆ, ಅಂದರೆ ಎಐ ಮಾಡೆಲಿನ ಬಲದಲ್ಲಿ ತಾನೇ ಲೆಕ್ಕ ಹುಡುಕಿ ಉತ್ತರ ಕೊಡುವ ಪ್ರೋಗ್ರಾಂ. ವಖಾರಿಯವರು ವಾಟ್ಸಾಪಿನಲ್ಲಿ "ಚಾಲಿ ಎಷ್ಟಿದೆ, ಯಾರ್ಯಾರಿಗೆ ದುಡ್ಡು ಬಾಕಿ" ಅಂತ ಕೇಳಿದರೆ ಉತ್ತರ ಬರಬೇಕು, ಅಷ್ಟೇ (ಚಾಲಿ ಅಂದರೆ ಅಡಿಕೆಯ ಒಂದು ಬಗೆ). ಏಜೆಂಟನ್ನು ಸಾಫ್ಟ್‌ವೇರಿಗೆ ಜೋಡಿಸುವ ಕೊಂಡಿ, ಎಂಸಿಪಿ ಸರ್ವರ್, ಎರಡು ದಿನದಲ್ಲಿ ಎದ್ದು ನಿಂತಿತು. ಏಜೆಂಟ್ ಸರಿಯಾದ ಟೂಲ್ (ಅದು ಕರೆದು ಮಾಡಿಸಬಹುದಾದ ಒಂದೊಂದು ಕೆಲಸ) ಆರಿಸುವ ಹಾಗೆ ಮಾಡಲು ನಾಲ್ಕು ತಿಂಗಳು ಬೇಕಾಯಿತು. ಪ್ರತಿ ಟೂಲಿನ ಜೊತೆ ಬರೆದ ವಿವರಣೆ ಓದಿಯೇ ಅದು ಆರಿಸುವುದು.

ಮೊದಲ ತಪ್ಪು ಸೋಮಾರಿತನದ್ದು. ಬೇರೆ ಪ್ರೋಗ್ರಾಂಗಳು ನಮ್ಮ ಸಾಫ್ಟ್‌ವೇರಿನಿಂದ ಮಾಹಿತಿ ಕೇಳುವ ಬಾಗಿಲು, ಅಂದರೆ ಹಳೆಯ ಎಪಿಐ, ಅದರ ಪಟ್ಟಿ ಇರುವ ಸ್ವಾಗರ್ ಫೈಲನ್ನೇ ಎತ್ತಿ, ಇದ್ದ 38 ಎಂಡ್‌ಪಾಯಿಂಟನ್ನೂ (ಒಂದೊಂದು ಬಗೆಯ ಕೋರಿಕೆಯ ವಿಳಾಸ) ಟೂಲ್ ಮಾಡಿಬಿಟ್ಟೆ. "ಗೆಟ್ ಸ್ಟಾಕ್"ಗೆ ಇದ್ದ ವಿವರಣೆ: "ಸ್ಟಾಕ್ ಕೊಡುತ್ತದೆ." ಪಕ್ಕದಲ್ಲೇ "ಸ್ಟಾಕ್ ಲಿಸ್ಟ್", "ಐಟಂ ಸ್ಟಾಕ್". ಹೊಸ ಹುಡುಗ ಕೆಲಸಕ್ಕೆ ಬಂದಿದ್ದರೆ ಯಾವುದು ಅಂತ ಫೋನ್ ಮಾಡಿ ಕೇಳುತ್ತಿದ್ದ. ಇದು ಕೇಳುವುದಿಲ್ಲ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಧೈರ್ಯವಾಗಿ ಉತ್ತರ ಕೊಡುತ್ತದೆ. 12 ಕ್ವಿಂಟಲ್ 40 ಕಿಲೋ ಚಾಲಿಯನ್ನು 1,240 ಕ್ವಿಂಟಲ್ ಅಂತ ಹೇಳಿತು. ಆವಕದ ಟೇಬಲ್ ಕಿಲೋದಲ್ಲಿತ್ತು, ಮಾರಾಟದ್ದು ಕ್ವಿಂಟಲ್‌ನಲ್ಲಿತ್ತು, ಎರಡರಲ್ಲೂ ಕಾಲಂ ಹೆಸರು "ಕ್ವಾಂಟಿಟಿ". "ತಮಾ, ನಿನ್ನ ಮಷೀನಿಗೆ ಕಿಲೋ ಕ್ವಿಂಟಲ್ ಗೊತ್ತಿಲ್ಯಾ?" ಅಂತ ವಖಾರಿಯ ಹೆಗಡೇರು ನಕ್ಕರು. ನನಗೆ ನಗು ಬರಲಿಲ್ಲ.

ದುಡ್ಡು ಹೋದದ್ದು ಒಂದು ರಾತ್ರಿಯಲ್ಲಿ. ಬಾಕಿ ಪಟ್ಟಿ ತಯಾರಿಸಲು ರಾತ್ರಿ ಓಡುವ ಕೆಲಸವೊಂದನ್ನು ಇಟ್ಟಿದ್ದೆ. ಏಪ್ರಿಲ್ 3ನ್ನು ನಾವು ಬರೆಯುವ ಹಾಗೆ 03-04-2025 ಅಂತ ಕೊಟ್ಟಿದ್ದೆ, ಏಜೆಂಟ್ ತಿಂಗಳು ಮೊದಲು ಅಂತ ಓದಿ ಅದನ್ನು ಮಾರ್ಚ್ 4 ಅಂದುಕೊಂಡಿತು. ಮಾರ್ಚ್ ಅಂದರೆ ಹಿಂದಿನ ಹಣಕಾಸು ವರ್ಷ, ಆ ಲೆಕ್ಕ ಆಗಲೇ ಮುಚ್ಚಿತ್ತು. ಸರ್ವರ್ "422" ಅಂತ ದೋಷದ ಸಂಖ್ಯೆ ಮಾತ್ರ ಹೇಳಿ ಸುಮ್ಮನಾಯಿತು. ಏಜೆಂಟ್ ರೈತರ ಹೆಸರನ್ನು ಬೇರೆ ಬೇರೆ ರೀತಿ ಬರೆದು ಬೆಳಗಿನವರೆಗೂ ಮತ್ತೆ ಮತ್ತೆ ಕೇಳಿತು, ಪ್ರತಿ ಸಲ ಎಂಟುನೂರು ಸಾಲಿನ ಖಾತೆ ಪಟ್ಟಿಯನ್ನೂ ಹೊತ್ತುಕೊಂಡು. ಮಾಡೆಲ್ ಓದಿದಷ್ಟಕ್ಕೂ ದುಡ್ಡು, ಬಿಲ್ಲು ಏಳು ಸಾವಿರದ ಹತ್ತಿರ. ಮಿತಿ ಹಾಕದಿದ್ದದ್ದು ನನ್ನ ತಪ್ಪು, ಒಪ್ಪಿದೆ.

ಪಾರ್ಟ್‌ನರ್ ಹೇಳಿದ್ದು ಒಂದೇ ಮಾತು: "ದೊಡ್ಡ ಮಾಡೆಲ್ ಹಾಕು ಮಾರಾಯ, ಡಾಕ್ಯುಮೆಂಟೇಶನ್ ಬರೆದು ಉದ್ಧಾರ ಆದವರುಂಟಾ?" ಹಾಕಿದೆ. ತಿಂಗಳ ಖರ್ಚು ನಾಲ್ಕು ಸಾವಿರದಿಂದ ಹದಿನೈದು ದಾಟಿತು. ಕಿಲೋ ಕ್ವಿಂಟಲ್ ಗೊಂದಲ ಇದ್ದಲ್ಲೇ ಇತ್ತು. ಟೂಲಿನಲ್ಲಿ ಬರೆದೇ ಇಲ್ಲದ್ದನ್ನು ಅದಾದರೂ ಎಲ್ಲಿಂದ ತರಬೇಕು?

ಹಳೆಯ ಮಾಡೆಲಿಗೇ ವಾಪಸ್ ಬಂದು ಬರೆಯಲು ಕೂತೆ. 38 ಟೂಲ್ 9ಕ್ಕೆ ಇಳಿಯಿತು. ದಾಸ್ತಾನಿನದ್ದು ಈಗ ಹೆಚ್ಚುಕಡಿಮೆ ಹೀಗಿದೆ (ಮೂಲ ಇಂಗ್ಲಿಷಿನಲ್ಲಿದೆ): "ವಖಾರಿಯಲ್ಲಿ ಮಾರಾಟವಾಗದೆ ಉಳಿದ ಅಡಿಕೆಯ ತೂಕ, ಕ್ವಿಂಟಲ್‌ನಲ್ಲಿ. ರೈತರ ಬಾಕಿಗೆ ಇದನ್ನು ಬಳಸಬೇಡ, ಅದಕ್ಕೆ 'ರೈತ ಬಾಕಿ' ಇದೆ. ಯಾವ ಅಡಿಕೆ ಎಂದು ಹೇಳದಿದ್ದರೆ ಊಹಿಸಬೇಡ, ಕೇಳು. ಸೊನ್ನೆ ಬಂದರೆ ದಾಸ್ತಾನು ಇಲ್ಲ ಎಂದರ್ಥ, ಮತ್ತೆ ಕರೆಯಬೇಡ." ಯಾವಾಗ ಬಳಸಬಾರದು ಅನ್ನುವ ಆ ಎರಡನೇ ವಾಕ್ಯ ಮಾಡಿದಷ್ಟು ಕೆಲಸ ಬೇರೆ ಯಾವುದೂ ಮಾಡಲಿಲ್ಲ. "ಕ್ವಾಂಟಿಟಿ" ಹೋಗಿ "ತೂಕ ಕ್ವಿಂಟಲ್" ಬಂತು. 422 ಜಾಗದಲ್ಲಿ "2024-25ರ ಲೆಕ್ಕ ಮುಚ್ಚಿದೆ. ದಿನಾಂಕವನ್ನು 2025-04-03 ರೂಪದಲ್ಲಿ ಕೊಡು. ಎರಡನೇ ಸಲವೂ ಆಗದಿದ್ದರೆ ನಿಲ್ಲಿಸಿ ಬಳಕೆದಾರರಿಗೆ ತಿಳಿಸು."

ಉದಾಹರಣೆ ಕೊಟ್ಟರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನಾನು "ರಾಶಿ, 12 ಕ್ವಿಂಟಲ್" ಅಂತ ಒಂದು ಕೊಟ್ಟೆ (ರಾಶಿಯೂ ಅಡಿಕೆಯ ಒಂದು ಬಗೆ). ಆಮೇಲೆ ಯಾರು ಅಡಿಕೆ ಹೆಸರು ಹೇಳದೆ ಕೇಳಿದರೂ ರಾಶಿಯ ಲೆಕ್ಕವೇ ಬರತೊಡಗಿತು! ಈಗ ಉದಾಹರಣೆ ಕೊಡುವ ಕ್ರಮವೇ ಬೇರೆ. ಅದನ್ನೂ, ಒಂಬತ್ತು ಟೂಲುಗಳನ್ನು ಯಾವ ಸಾಲಿನಲ್ಲಿ ಜೋಡಿಸಿದ್ದೇನೆ ಅನ್ನುವುದನ್ನೂ ಇಲ್ಲಿ ಹೇಳುವುದಿಲ್ಲ, ಬೇಜಾರಾಗಬೇಡಿ.

ನಡುವೆ ಒಂದು ಹುಚ್ಚು: ಎಲ್ಲಾ ವಿವರಣೆಯನ್ನೂ ಕನ್ನಡದಲ್ಲೇ ಬರೆದು ನೋಡಿದೆ. ಉತ್ತರ ಕೆಡಲಿಲ್ಲ, ಆದರೆ ನಾನು ಬಳಸುವ ಮಾಡೆಲಿನಲ್ಲಿ ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು, ಬಿಲ್ಲು ಇದರ ಲೆಕ್ಕದಲ್ಲಿ) ಸುಮಾರು ಮೂರು ಪಟ್ಟು ಆಯಿತು. ಹೊಟ್ಟೆ ಉರಿದರೂ ಇಂಗ್ಲಿಷಿಗೆ ಮರಳಿದೆ. ಅಡಿಕೆ ಹೆಸರುಗಳ ಪಟ್ಟಿ ಮಾತ್ರ ಕನ್ನಡದಲ್ಲಿ ಉಳಿಸಿದೆ. ಬೆಟ್ಟೆ ಬೇರೆ, ತಟ್ಟಿಬೆಟ್ಟೆ ಬೇರೆ. ಬಿಳಿಗೋಟು, ಕೆಂಪುಗೋಟನ್ನು ಜನ ಹತ್ತು ರೀತಿ ಬರೆಯುತ್ತಾರೆ.

ಇನ್ನೊಂದು. ಎಂಸಿಪಿಯಲ್ಲಿ ಟೂಲಿಗೆ "ಓದಲು ಮಾತ್ರ", "ಅಪಾಯಕಾರಿ" ಅಂತ ಗುರುತು ಹಾಕಬಹುದು. ಅದು ಬರೀ ಸೂಚನೆ, ಬೀಗ ಅಲ್ಲ. "ಕೇಳದೆ ಪಾವತಿ ನಮೂದಿಸಬೇಡ" ಅಂತ ದಪ್ಪಕ್ಷರದಲ್ಲಿ ಬರೆದರೂ ಒಮ್ಮೆ ನಮೂದಿಸಿಯೇ ಬಿಟ್ಟಿತು. ಈಗ ಆ ಬೀಗ ಕೋಡಿನಲ್ಲಿದೆ.

ವಾಟ್ಸಾಪಿನಿಂದಲೇ ಹೆಕ್ಕಿದ 60 ಪ್ರಶ್ನೆ ಇಟ್ಟುಕೊಂಡು ಪ್ರತಿ ವಾಕ್ಯ ಬದಲಿಸಿದಾಗಲೂ ಓಡಿಸುತ್ತಿದ್ದೆ. ಶುರುವಿನಲ್ಲಿ 30ರ ಆಸುಪಾಸು ಸರಿ ಇತ್ತು, ಈಗ 56. ಖರ್ಚು ಎರಡೂವರೆ ಸಾವಿರಕ್ಕೆ ಇಳಿದಿದೆ. ಪಾರ್ಟ್‌ನರ್ ಈಗ ಹೊಸ ಟೂಲ್ ಬರೆದರೆ ವಿವರಣೆಯನ್ನು ಮೊದಲು ನನಗೆ ಕಳಿಸುತ್ತಾನೆ. ಉಳಿದ ನಾಲ್ಕು ಪ್ರಶ್ನೆಗಳಲ್ಲಿ ಮೂರು ಒಂದೇ ಜಾತಿಯವು: "ಹೋದ ಸಲ ಮಾಡಿದ ಹಾಗೇ ಮಾಡು." ಯಾವ ಸಲ ಅಂತ ಕೇಳಿದರೆ ಹೆಗಡೇರಿಗೂ ನೆನಪಿರುವುದಿಲ್ಲ.