ಪ್ರೊಟೆಸ್ಟೆಂಟ್ ಸಭೆಯಿಂದ ಕಥೋಲಿಕ ಸಭೆಗೆ: ಕಾರಣ ಗಟ್ಟಿ ಇದೆಯೇ, ಕಾಗದ ಪತ್ರ ಸರಿ ಇದೆಯೇ?

ಮದುವೆಯಾಗಲಿರುವವರು ಕಥೋಲಿಕರು, ಸಭಾಪಾಲಕರ ಜೊತೆ ಮನಸ್ತಾಪ, ಬಲಿಪೂಜೆಯ (ಮಾಸ್) ಸೊಬಗು: ಇಂಥ ಕಾರಣಗಳು ಕಥೋಲಿಕ ಸಭೆಯ ಕಡೆ ಕಣ್ಣು ಹಾಯಿಸುವಂತೆ ಮಾಡುತ್ತವೆ, ಆದರೆ ಸೇರಲು ಅಷ್ಟು ಸಾಲದು. ಕಥೋಲಿಕರನ್ನು ಮದುವೆಯಾಗಲು ಸಭೆ ಬದಲಿಸಲೇಬೇಕೆಂದೇನೂ ಇಲ್ಲ. ಬಿಷಪ್ಪರ ಅನುಮತಿ ಪಡೆದು ಮಿಶ್ರ ವಿವಾಹ ಆಗಬಹುದು. ಸೇರುವ ದಿನ ಬಲಿಪೀಠದ ಮುಂದೆ ನಿಂತು ನೀವು ಹೇಳಬೇಕಾದ ಮಾತೊಂದಿದೆ. ಅದರ ಸಾರ ಇಷ್ಟು: ಪವಿತ್ರ ಕಥೋಲಿಕ ಧರ್ಮಸಭೆ ದೇವರು ಪ್ರಕಟಿಸಿದ್ದೆಂದು ವಿಶ್ವಾಸಿಸಿ, ಬೋಧಿಸಿ, ಸಾರುವುದೆಲ್ಲವನ್ನೂ ನಾನು ವಿಶ್ವಾಸಿಸುತ್ತೇನೆ. ‘ಎಲ್ಲವನ್ನೂ’ ಎನ್ನುವಾಗ ನಾಲಿಗೆ ತಡವರಿಸಿದರೆ ಇನ್ನೂ ಸಮಯ ಬೇಕು ಎಂದರ್ಥ. ತಡವಾದರೂ ಪರವಾಗಿಲ್ಲ, ಮನಸ್ಸೊಪ್ಪದೆ ಹೇಳಬೇಡಿ.

ನಮ್ಮ ದೃಷ್ಟಿಯಲ್ಲಿ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದೇ: ಸತ್ಯಬೋಧನೆ ಯಾವುದೆಂದು ತೀರ್ಮಾನಿಸುವ ಅಧಿಕಾರ ಯಾರದು? ಬೈಬಲ್ಲಿನಿಂದಲೇ ಶುರು ಮಾಡಿ. ನಿಮ್ಮ ಬೈಬಲ್ಲಿನಲ್ಲಿ 66 ಪುಸ್ತಕಗಳಿವೆ, ಕಥೋಲಿಕರದ್ದರಲ್ಲಿ 73. ತೊಬೀತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕಗಳು ಹೆಚ್ಚಿಗೆ ಇರುವವು. ಎಸ್ತೇರ್ ಮತ್ತು ದಾನಿಯೇಲ ಗ್ರಂಥಗಳಲ್ಲೂ ಕೆಲವು ಭಾಗ ಹೆಚ್ಚಿವೆ. ಯಾವ ಪುಸ್ತಕ ಸೇರಬೇಕು, ಯಾವುದು ಬೇಡ ಎಂಬ ಪಟ್ಟಿ ಬೈಬಲ್ಲಿನೊಳಗೆ ಎಲ್ಲೂ ಇಲ್ಲ. ಉತ್ತರ ಆಫ್ರಿಕಾದ ಹಿಪ್ಪೋದಲ್ಲಿ 393ರಲ್ಲಿ, ಕಾರ್ಥೇಜಿನಲ್ಲಿ 397ರಲ್ಲಿ ಸೇರಿದ ಬಿಷಪ್ಪರ ಸಭೆಗಳು ಒಪ್ಪಿದ ಪಟ್ಟಿಯಲ್ಲಿ ಈ ಪುಸ್ತಕಗಳು ಇದ್ದವು. ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ 1534ರ ತಮ್ಮ ಬೈಬಲ್ಲಿನಲ್ಲಿ ಇವನ್ನು ಬೇರೆಯಾಗಿ ಇಟ್ಟರು. 1546ರಲ್ಲಿ ಕಥೋಲಿಕ ಬಿಷಪ್ಪರ ಟ್ರೆಂಟ್ ಮಹಾಸಭೆ ಹಳೆಯ ಪಟ್ಟಿಯನ್ನೇ ಖಚಿತಪಡಿಸಿತು. ಪಟ್ಟಿ ಮಾಡಿದ ಸಭೆಗೆ ಅದರ ಅರ್ಥ ಹೇಳುವ ಅಧಿಕಾರ ಇಲ್ಲವೇ ಎಂಬುದು ಕಥೋಲಿಕ ವಾದದ ತಿರುಳು. 1 ತಿಮೊಥೆಯ 3:15, 2 ಥೆಸಲೋನಿಕ 2:15, ಮತ್ತಾಯ 16:18 ಈ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ. ಪ್ರೊಟೆಸ್ಟೆಂಟ್ ಪಂಡಿತರ ಉತ್ತರವನ್ನೂ ಓದಲೇಬೇಕು: ಸಭೆ ಪಟ್ಟಿಯನ್ನು ಸೃಷ್ಟಿಸಲಿಲ್ಲ, ಗುರುತಿಸಿತು ಅಷ್ಟೆ, ಹೆಚ್ಚಿಗೆ ಇರುವ ಆ ಪುಸ್ತಕಗಳ ಬಗ್ಗೆ ಬೈಬಲ್ಲನ್ನು ಲ್ಯಾಟಿನ್‌ಗೆ ಅನುವಾದಿಸಿದ ಸಂತ ಜೆರೋಮರಿಗೇ ಅನುಮಾನವಿತ್ತು. ಈ ಉತ್ತರವನ್ನು ಎದುರಿಸದೆ ಸೇರಿದವರಿಗೆ, ಯಾರೋ ಅದನ್ನು ಮುಂದಿಟ್ಟ ದಿನ ನಿಂತ ನೆಲವೇ ಅಲುಗಾಡುತ್ತದೆ.

ಎರಡನೆಯದು ಪರಮಪ್ರಸಾದ, ಅಂದರೆ ಬಲಿಪೂಜೆಯಲ್ಲಿ ಕ್ರಿಸ್ತನ ಶರೀರ, ರಕ್ತವೇ ಎಂದು ಕಥೋಲಿಕರು ನಂಬಿ ಸ್ವೀಕರಿಸುವ ಪ್ರಸಾದ. ಯೋಹಾನ 6ನ್ನು ಪೂರ್ತಿ ಓದಿ; ‘ಇದು ಕಠಿಣವಾದ ಮಾತು’ ಎಂದು ಶಿಷ್ಯರು ಬಿಟ್ಟುಹೋದಾಗ ಯೇಸು ಅವರನ್ನು ವಾಪಸ್ ಕರೆಯಲಿಲ್ಲ. ಅನಂತರ 2ನೇ ಶತಮಾನದ ಆರಂಭದ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸರು ಸ್ಮುರ್ನದವರಿಗೆ ಬರೆದ ಪತ್ರ ನೋಡಿ: ಪ್ರಸಾದವು ರಕ್ಷಕನ ಶರೀರವೇ ಎಂದು ಒಪ್ಪದವರನ್ನು ಅವರು ಖಂಡಿಸುತ್ತಾರೆ. ಕಥೋಲಿಕ ಸಭೆಗೆ ಬರಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ ಎಂದು ನಾವು ನಂಬಿದ್ದೇವೆ.

ಕಥೋಲಿಕರು ಸತ್ಕ್ರಿಯೆಗಳಿಂದ ರಕ್ಷಣೆ ಗಳಿಸಿಕೊಳ್ಳುತ್ತಾರೆ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳಿರುತ್ತೀರಿ. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆ ಸಹಿ ಹಾಕಿದ, ದೇವರು ನಮ್ಮನ್ನು ಸ್ವೀಕರಿಸುವುದು ಕೃಪೆಯಿಂದಲೇ, ನಮ್ಮ ಗಳಿಕೆಯಿಂದಲ್ಲ ಎನ್ನುವ ಜಂಟಿ ಘೋಷಣೆ ಓದಿದರೆ ಆ ಮಾತು ನಿಲ್ಲುವುದಿಲ್ಲ. ಮಾತೆ ಮರಿಯ, ಶುದ್ಧೀಕರಣ ಸ್ಥಳ (ಸತ್ತ ಮೇಲೆ ಸ್ವರ್ಗಕ್ಕೆ ಮುನ್ನ ಆತ್ಮ ಶುದ್ಧವಾಗುವ ಸ್ಥಿತಿ), ಪೋಪರ ಅಧಿಕಾರ ಇವನ್ನೂ ಒಂದೊಂದಾಗಿ ನೋಡಿ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 2865 ಕಂಡಿಕೆಗಳಿವೆ. ಎಲ್ಲವನ್ನೂ ಮೊದಲೇ ಓದಬೇಕಿಲ್ಲ. ಪವಿತ್ರ ಗ್ರಂಥ ಮತ್ತು ಪರಂಪರೆಗೆ 74ರಿಂದ 100, ಶುದ್ಧೀಕರಣ ಸ್ಥಳಕ್ಕೆ 1030ರಿಂದ 1032, ಪರಮಪ್ರಸಾದಕ್ಕೆ 1322ರಿಂದ 1419, ಕೃಪೆಗೆ ಮತ್ತು ದೇವರು ಪಾಪಿಯನ್ನು ನೀತಿವಂತನಾಗಿಸುವ ವಿಷಯಕ್ಕೆ 1987ರಿಂದ 2029. ಒಪ್ಪಲಾಗದ ಕಂಡಿಕೆಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಫಾದರ್ ಹತ್ತಿರ ಹೋಗಿ. ‘ನನಗೆ ಮರಿಯಮ್ಮನ ವಿಷಯ ಒಪ್ಪಿಗೆಯಾಗುತ್ತಿಲ್ಲ’ ಎಂದರೆ ಮಾತು ಎತ್ತೆತ್ತಲೋ ಹೋಗುತ್ತದೆ. ಕಂಡಿಕೆ ತೋರಿಸಿದರೆ ಉತ್ತರವೂ ನೇರವಾಗಿ ಬರುತ್ತದೆ.

ಮನಸ್ಸು ಗಟ್ಟಿಯಾದ ಮೇಲೆ ನೀವು ವಾಸವಿರುವ ಪ್ರದೇಶದ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳನ್ನು ಕಾಣಿ. ಭಾನುವಾರ ಪೂಜೆ ಮುಗಿದ ಗದ್ದಲದಲ್ಲಿ ಬೇಡ, ವಾರದ ನಡುವೆ ಸಮಯ ಕೇಳಿಕೊಂಡು ಹೋಗಿ. ಮಂಗಳೂರು, ಉಡುಪಿ ಕಡೆಯ ಬಹುತೇಕ ಚರ್ಚುಗಳಲ್ಲಿ ಪೂಜೆ ಕೊಂಕಣಿಯಲ್ಲಿ ನಡೆಯುತ್ತದೆ. 1834ರಲ್ಲಿ ಬಾಸೆಲ್ ಮಿಷನ್ ಬಂದಂದಿನಿಂದ ಕನ್ನಡದಲ್ಲೇ ಆರಾಧನೆ ಮಾಡುತ್ತ ಬಂದ ಕುಟುಂಬಗಳಿಗೆ ಇದು ಸಣ್ಣ ತೊಡಕಲ್ಲ. ಕನ್ನಡ ಪೂಜೆ ಎಲ್ಲಿದೆ, ಎಷ್ಟು ಗಂಟೆಗೆ ಎಂದು ಮೊದಲೇ ಕೇಳಿ.

ದಾಖಲೆಗಳಲ್ಲಿ ಮೊದಲನೆಯದು ದೀಕ್ಷಾಸ್ನಾನದ ಪ್ರಮಾಣಪತ್ರ. ನೀರಿನಿಂದ, ತಂದೆಯ, ಮಗನ ಮತ್ತು ಪವಿತ್ರಾತ್ಮನ ಹೆಸರಿನಲ್ಲಿ ಆದ ದೀಕ್ಷಾಸ್ನಾನವನ್ನು ಕಥೋಲಿಕ ಸಭೆ ಒಪ್ಪುತ್ತದೆ, ಮತ್ತೆ ಕೊಡುವುದಿಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ), ಲೂಥರನ್, ಮೆಥಡಿಸ್ಟ್ ಸಭೆಗಳವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ‘ಯೇಸುವಿನ ಹೆಸರಿನಲ್ಲಿ’ ಎಂದಷ್ಟೇ ಹೇಳಿ ಮುಳುಗಿಸುವ ಕೆಲವು ಪೆಂತೆಕೋಸ್ತ್ ಗುಂಪುಗಳಿಂದ ಬಂದವರ ವಿಷಯ ಬೇರೆ. ಸಾಲ್ವೇಷನ್ ಆರ್ಮಿಯಲ್ಲಿ ದೀಕ್ಷಾಸ್ನಾನವೇ ಇಲ್ಲ. ಪತ್ರ ಕಳೆದುಹೋಗಿದ್ದರೆ ಹೆದರಬೇಡಿ: ನಂಬಲರ್ಹ ಸಾಕ್ಷಿ ಒಬ್ಬರಿದ್ದರೂ ಸಾಕು, ದೊಡ್ಡವರಾದ ಮೇಲೆ ಆಗಿದ್ದರೆ ನಿಮ್ಮ ಪ್ರಮಾಣವೇ ಸಾಕು ಎನ್ನುತ್ತದೆ ಧರ್ಮಸಭೆಯ ಕಾನೂನಿನ 876ನೇ ನಿಯಮ. ವಿಚಾರಿಸಿದ ಮೇಲೂ ಗಂಭೀರ ಅನುಮಾನ ಉಳಿದರೆ ಮಾತ್ರ ‘ಈ ಮೊದಲು ಆಗಿಲ್ಲದಿದ್ದರೆ’ ಎಂಬ ಷರತ್ತಿನೊಡನೆ, ಖಾಸಗಿಯಾಗಿ ಕೊಡುತ್ತಾರೆ. ಯಾರಾದರೂ ಸುಮ್ಮನೆ ‘ಇನ್ನೊಮ್ಮೆ ಮಾಡಿಬಿಡೋಣ’ ಎಂದರೆ ಒಪ್ಪಬೇಡಿ; ನಿಮಗೆ ಆಗಿರುವ ಸಂಸ್ಕಾರಕ್ಕೆ ಅದು ಅಗೌರವ.

ಸಿಎಸ್‌ಐಯಲ್ಲಿ ದೃಢೀಕರಣ (ಕನ್ಫರ್ಮೇಷನ್) ಆಗಿದ್ದರೂ ಇಲ್ಲಿ ಮತ್ತೆ ಆಗಬೇಕು. ಇದನ್ನು ಕೇಳಿ ಹಲವರಿಗೆ ಬೇಸರವಾಗುತ್ತದೆ. ಪ್ರೊಟೆಸ್ಟೆಂಟ್ ಸಭೆಗಳ ಗುರುದೀಕ್ಷೆಯನ್ನು ಕಥೋಲಿಕ ಸಭೆ ಸಂಸ್ಕಾರವೆಂದು ಒಪ್ಪದಿರುವುದೇ ಕಾರಣ.

ಎಲ್ಲಕ್ಕಿಂತ ಹೆಚ್ಚು ತಡವಾಗುವುದು ಮದುವೆಯ ವಿಷಯದಲ್ಲಿ. ಇಬ್ಬರೂ ಪ್ರೊಟೆಸ್ಟೆಂಟರಾಗಿದ್ದು, ಇಬ್ಬರಿಗೂ ಅದೇ ಮೊದಲ ಮದುವೆಯಾಗಿದ್ದರೆ ಮತ್ತೆ ಮದುವೆಯ ಅಗತ್ಯವಿಲ್ಲ. ಆದರೆ ನಿಮಗಾಗಲಿ ನಿಮ್ಮ ಸಂಗಾತಿಗಾಗಲಿ ಹಿಂದೆ ಒಂದು ಮದುವೆಯಾಗಿ ಕೋರ್ಟಿನಲ್ಲಿ ವಿಚ್ಛೇದನ ಸಿಕ್ಕಿದ್ದು, ಮೊದಲಿನ ಸಂಗಾತಿ ಬದುಕಿದ್ದರೆ, ಬಿಷಪ್ಪರ ಧರ್ಮಕ್ಷೇತ್ರದ (ಡಯಾಸಿಸ್) ವಿವಾಹ ನ್ಯಾಯಮಂಡಳಿ ಆ ಮೊದಲ ಮದುವೆ ಸಿಂಧುವಾಗಿತ್ತೇ ಎಂದು ಪರಿಶೀಲಿಸಬೇಕು. 2015ರಲ್ಲಿ ಪೋಪ್ ಫ್ರಾನ್ಸಿಸ್ ಮದುವೆ ಅಸಿಂಧು ಎಂಬ ತೀರ್ಪನ್ನು ಇನ್ನೊಂದು ತೀರ್ಪು ಖಚಿತಪಡಿಸಲೇಬೇಕೆಂಬ ಕಡ್ಡಾಯವನ್ನು ತೆಗೆದುಹಾಕಿದರು, ಆದರೂ ಸಮಯ ಹಿಡಿಯುತ್ತದೆ. ಸಂಗಾತಿ ಕಥೋಲಿಕರಾಗಿದ್ದು ಅನುಮತಿ ಪಡೆಯದೆ ನಿಮ್ಮ ಚರ್ಚಿನಲ್ಲೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೋ ಮದುವೆಯಾಗಿದ್ದರೆ ಅದನ್ನು ಕ್ರಮಬದ್ಧಗೊಳಿಸಬೇಕು. ಇವೆಲ್ಲವನ್ನೂ ಮೊದಲ ಭೇಟಿಯಲ್ಲೇ ಹೇಳಿ. ದಿನ ಗೊತ್ತಾಗಿ ನೆಂಟರಿಗೆಲ್ಲ ಹೇಳಿದ ಮೇಲೆ ಹಳೆಯ ಮದುವೆಯ ಸಂಗತಿ ಬಂದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ, ಮನೆಮಂದಿಯೂ ನೋಯುತ್ತಾರೆ.

ಧರ್ಮೋಪದೇಶ ಎಷ್ಟು ಕಾಲ ಎಂಬುದಕ್ಕೆ ಒಂದೇ ಅಳತೆ ಇಲ್ಲ. ದೀಕ್ಷಾಸ್ನಾನ ಆದವರನ್ನು ಏನೂ ತಿಳಿಯದವರಂತೆ ಕಾಣಬಾರದು, ಅಗತ್ಯಕ್ಕಿಂತ ಹೆಚ್ಚು ಹೊರೆ ಹೊರಿಸಬಾರದು ಎಂಬುದು ಧರ್ಮಸಭೆಯದೇ ಸೂಚನೆ. ಪಾಸ್ಖ ಜಾಗರಣೆಯ (ಈಸ್ಟರ್ ಹಿಂದಿನ ರಾತ್ರಿಯ ಆರಾಧನೆ) ತನಕ ಕಾಯಬೇಕೆಂದಿಲ್ಲ, ವರ್ಷದ ಯಾವುದೇ ಭಾನುವಾರ ಆಗಬಹುದು. ಅಲ್ಲಿಯವರೆಗೆ ಬಲಿಪೂಜೆಗೆ ಹೋಗಿ, ಪರಮಪ್ರಸಾದ ಮಾತ್ರ ಸ್ವೀಕರಿಸಬೇಡಿ.

ಸೇರುವ ಮುನ್ನ ಪಾಪನಿವೇದನೆ ಮಾಡಿ, ಅಂದರೆ ಗುರುಗಳ ಮುಂದೆ ಪಾಪಗಳನ್ನು ಹೇಳಿ ಕ್ಷಮೆ ಬೇಡಿ. ‘ಇದು ನನ್ನ ಮೊದಲ ಪಾಪನಿವೇದನೆ’ ಎಂದು ಹೇಳಿದರೆ ಫಾದರ್ ನಡೆಸಿಕೊಡುತ್ತಾರೆ. ದೀಕ್ಷಾಸ್ನಾನದ ನಂತರದ ಗಂಭೀರ ಪಾಪಗಳು ಯಾವ ಬಗೆಯವು, ಎಷ್ಟು ಸಲ ಎಂದು ನೆನಪಿರುವಷ್ಟು ಹೇಳಿದರೆ ಸಾಕು. ಆ ದಿನ ಪ್ರಬೋಧನೆ ಮುಗಿದ ಮೇಲೆ ನಿಮ್ಮನ್ನು ಮುಂದೆ ಕರೆಯುತ್ತಾರೆ. ಜೊತೆಗೆ ನಿಲ್ಲುವವರು ದೃಢೀಕರಣ ಆದ ಕಥೋಲಿಕರಾಗಿರಬೇಕು. ಎಲ್ಲರೊಂದಿಗೆ ನಿಕೇಯ ವಿಶ್ವಾಸ ಪ್ರಮಾಣ, ಅನಂತರ ನೀವೊಬ್ಬರೇ ಆ ಮೊದಲು ಹೇಳಿದ ಮಾತು, ದೃಢೀಕರಣಕ್ಕಾಗಿ ಹಣೆಗೆ ಪವಿತ್ರ ತೈಲದ ಅಭ್ಯಂಜನ, ಬಳಿಕ ಮೊದಲ ಪರಮಪ್ರಸಾದ. ಹಳೆಯ ಸಭೆಯನ್ನು ಧಿಕ್ಕರಿಸಿ ಪ್ರಮಾಣ ಮಾಡಬೇಕಿಲ್ಲ. ಈಗಿನ ವಿಧಿಯಲ್ಲಿ ಅದು ಇಲ್ಲವೇ ಇಲ್ಲ. ಅಲ್ಲಿ ಕಲಿತ ಬೈಬಲ್ ಓದು, ಕೀರ್ತನೆ, ಸ್ವಂತ ಮಾತಿನ ಪ್ರಾರ್ಥನೆ ನಿಮ್ಮೊಂದಿಗೇ ಬರಲಿ; ಕಥೋಲಿಕ ಮನೆಗಳಿಗೆ ಅದರ ಅಗತ್ಯ ಬಹಳ ಇದೆ.

ಹಳೆಯ ಸಭಾಪಾಲಕರಿಗೆ ನೀವೇ ಹೋಗಿ ತಿಳಿಸಿ, ಬೇರೆಯವರ ಬಾಯಿಂದ ಅವರಿಗೆ ಗೊತ್ತಾಗಬಾರದು. ಸದಸ್ಯತ್ವ ಬಿಟ್ಟರೆ ಕುಟುಂಬದ ಸಮಾಧಿ ಜಾಗದ ಹಕ್ಕು ಏನಾಗುತ್ತದೆ ಎಂದೂ ಆಗಲೇ ಕೇಳಿ. ಕೊನೆಗೆ ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಹೆಸರು, ದೀಕ್ಷಾಸ್ನಾನದ ದಿನಾಂಕ, ದೃಢೀಕರಣದ ದಿನಾಂಕ ಸರಿಯಾಗಿ ಬರೆದಿದ್ದಾರೆಯೇ ನೋಡಿಕೊಂಡು ಪ್ರಮಾಣಪತ್ರ ಪಡೆದುಕೊಳ್ಳಿ. ಮುಂದೆ ಮದುವೆಗೆ, ಮಕ್ಕಳ ದೀಕ್ಷಾಸ್ನಾನಕ್ಕೆ ಜ್ಞಾನತಂದೆ, ಜ್ಞಾನತಾಯಿಯಾಗಿ ನಿಲ್ಲುವಾಗ ಇದನ್ನೇ ಕೇಳುತ್ತಾರೆ.