ಮಂಗಳೂರಿನ ಗುಡ್ಡೆಗಳಲ್ಲಿ ಆರಾಮಾಗಿ ಸೈಕಲ್ ತುಳಿಯುವುದು ಹೇಗೆ

ಮಂಗಳೂರಲ್ಲಿ ಸೈಕಲ್ಲಾ, ಆ ಏರು ಯಾರು ಹತ್ತುತ್ತಾರೆ ಅಂತ ಕೇಳುವವರೇ ಜಾಸ್ತಿ. ಏರು ಇರುವುದು ನಿಜ. ಆದರೆ ಯಾವ ಏರೂ ಉದ್ದ ಇಲ್ಲ. ಊರು ಕೂತಿರುವುದೇ ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಗುಡ್ಡೆಗಳ ಮೇಲೆ, ಸ್ವಲ್ಪ ಹೊತ್ತು ಹತ್ತಿದರೆ ನೆತ್ತಿ ಬರುತ್ತದೆ, ಅಲ್ಲಿಂದ ಮತ್ತೆ ಇಳಿತ, ಕೊನೆಗೆ ನೀರು ಹರಿದ ಹಾಗೆ ಹೊಳೆ ಕಡೆಗೋ ಕಡಲ ಕಡೆಗೋ ಹೋಗಿ ಮುಟ್ಟುತ್ತೀರಿ. ಅದಕ್ಕೆ ಸರಿಯಾಗಿ ದಾರಿ ಆರಿಸಿಕೊಂಡರೆ ಸಾಕು.

ದಾರಿ ಆರಿಸಲು ಮ್ಯಾಪ್‌ಗಿಂತ ಮೊದಲು ಜಾಗಗಳ ಹೆಸರು ನೋಡಿ. ಬೈಲ್ ಅಂದರೆ ತಗ್ಗಿನ ಗದ್ದೆ ಜಾಗ. ಕೊಡಿಯಾಲ್‌ಬೈಲ್‌ಗೆ ಇಳಿದಿರಿ ಅಂದರೆ ಮುಂದೆ ಎಲ್ಲೋ ಹತ್ತಲಿಕ್ಕಿದೆ ಅಂತಲೇ ಲೆಕ್ಕ. ಗುಡ್ಡೆ ಅಂತ ಇದ್ದರೆ ಹೇಳುವುದೇ ಬೇಡ, ಬಾವುಟಗುಡ್ಡ, ಬಟ್ಟಗುಡ್ಡ ಎಲ್ಲ ಕಾಲಿಗೆ ಕೆಲಸ ಕೊಡುತ್ತವೆ. ಪದವು ಅಂದರೆ ಗುಡ್ಡೆಯ ಮೇಲಿನ ಸಮತಟ್ಟು. ಪದವಿನಂಗಡಿ, ಕದ್ರಿ ಪದವು ಇಂಥ ಕಡೆ ಒಮ್ಮೆ ಮುಟ್ಟಿದರೆ ಉಸಿರು ಬಿಡಬಹುದು. ನಮ್ಮ ಹಿರಿಯರು ನಡೆದೇ ಓಡಾಡಿದವರು, ಅವರ ಕಾಲಿಗೆ ಗೊತ್ತಾದದ್ದು ಹೆಸರಲ್ಲಿ ಉಳಿದಿದೆ.

ಇನ್ನು ದಾರಿ. ಹತ್ತುವುದೆಲ್ಲ ಮೊದಲು ಮುಗಿಸಿ, ಇಳಿಯುವುದನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ಹೊರಡುವುದು ಭಾನುವಾರ ಬೆಳಿಗ್ಗೆ ಆರೂವರೆಗೆ, ಹಂಪನಕಟ್ಟೆಯಿಂದ. ಸಿಟಿ ಬಸ್ಸುಗಳ ಓಟ ಜೋರಾಗುವ ಮೊದಲು ಈ ಭಾಗ ದಾಟಿಬಿಡಬೇಕು. ಹಂಪನಕಟ್ಟೆ ಸುತ್ತ ವನ್‌ವೇ ಬೋರ್ಡ್ ನೋಡಿಕೊಳ್ಳಿ, ಎದುರು ದಿಕ್ಕು ಅಂತಾದರೆ ಇಳಿದು ಪಕ್ಕದಲ್ಲಿ ನಡೆದರಾಯಿತು.

ಲೈಟ್‌ಹೌಸ್ ಹಿಲ್ ರಸ್ತೆ ಮೊದಲ ಚಡಾವು. ಗೇರ್ ಇರುವ ಸೈಕಲ್ ಆದರೆ ಏರು ಶುರುವಾಗುವ ಹತ್ತು ಮೀಟರ್ ಮೊದಲೇ ಹಗುರದ ಗೇರ್‌ಗೆ ಬನ್ನಿ. ಅರ್ಧ ಏರಿನಲ್ಲಿ, ಪೆಡಲ್ ಮೇಲೆ ಪೂರ್ತಿ ಭಾರ ಹಾಕಿಕೊಂಡು ಗೇರ್ ಬದಲಿಸಿದರೆ ಚೈನ್ ಕರಕರ ಅಂತ ಕಚ್ಚಿಕೊಳ್ಳುತ್ತದೆ, ಒಮ್ಮೊಮ್ಮೆ ಕಳಚಿಯೇ ಬೀಳುತ್ತದೆ. ಸೀಟಿನಲ್ಲೇ ಕೂತು, ಹ್ಯಾಂಡಲ್ ಸಡಿಲ ಹಿಡಿದು, ಪಕ್ಕದವರ ಜೊತೆ ಮಾತಾಡಲು ಆಗುವಷ್ಟೇ ವೇಗದಲ್ಲಿ ಹತ್ತಿ. ಮಾತು ನಿಂತರೆ ಜೋರಾಯಿತು ಅಂತ ಅರ್ಥ. ಗೇರ್ ಇಲ್ಲದಿದ್ದರೆ ಇಳಿದು ತಳ್ಳಿ ಮಾರಾಯ್ರೆ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ತಳ್ಳುವಾಗಲೇ ಊರು ಸರಿಯಾಗಿ ಕಾಣುವುದು.

ಈ ಗುಡ್ಡೆ ಮೇಲೆ ನಿಲ್ಲದೆ ಹೋಗಬೇಡಿ. ಸಂತ ಅಲೋಶಿಯಸ್ ಚಾಪೆಲ್ ಇಲ್ಲೇ ಇದೆ, ಒಳಗೆ ಗೋಡೆ, ಮಾಡು ಎಲ್ಲ ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ 1899ರ ಸುಮಾರಿಗೆ ಬರೆದ ಚಿತ್ರಗಳು. ಇನ್ನೂ ಸ್ವಲ್ಪ ಮೇಲೆ ಹಳೇ ದೀಪಸ್ತಂಭ, ಪಾರ್ಕ್. 1837ರಲ್ಲಿ ಸುಳ್ಯ ಕಡೆಯಿಂದ ಬಂದ ರೈತರು ಬ್ರಿಟಿಷರ ಬಾವುಟ ಇಳಿಸಿ ತಮ್ಮದನ್ನು ಹಾರಿಸಿದ್ದು ಈ ಬಾವುಟಗುಡ್ಡದಲ್ಲೇ. ಬೆವರು ಆರುವವರೆಗೆ ಕೂತಿರಿ, ನೀರು ಕುಡಿಯಿರಿ. ಚಳಿಗಾಲದಲ್ಲೂ ಇಲ್ಲಿ ಅಂಗಿ ಒದ್ದೆಯಾಗುತ್ತದೆ, ಅದಕ್ಕೇ ಒಂದು ಲೀಟರ್ ನೀರು, ಅದಕ್ಕೆ ಒಂದು ಚಿಟಿಕೆ ಉಪ್ಪು.

ಅಲ್ಲಿಂದ ಜ್ಯೋತಿ ಸರ್ಕಲ್, ಬಂಟ್ಸ್ ಹಾಸ್ಟೆಲ್, ಮಲ್ಲಿಕಟ್ಟೆ ದಾಟಿ ಕದ್ರಿ ದೇವಸ್ಥಾನ. ಸೈಕಲ್‌ಗೆ ಬೀಗ ಹಾಕಿ ಒಳಗೆ ಹೋಗಿ, ಕಂಚಿನ ಲೋಕೇಶ್ವರ ಮೂರ್ತಿ ನೋಡಿ. ಅದರ ಪೀಠದಲ್ಲಿರುವ ಶಾಸನದ ಕಾಲ ಕ್ರಿ.ಶ. 968. ಆಮೇಲೆ ಕದ್ರಿ ಪಾರ್ಕ್‌ವರೆಗಿನದ್ದೇ ಕೊನೆಯ ದೊಡ್ಡ ಏರು.

ಈಗ ಸರ್ಕ್ಯೂಟ್ ಹೌಸ್ ಕಡೆಯಿಂದ ಬಿಜೈಗೆ ಇಳಿಯುವ ಮೊದಲು ಒಂದು ನಿಮಿಷ ನಿಂತು ಬ್ರೇಕ್ ನೋಡಿ. ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಒಳಗೆ ಬರುತ್ತಿದ್ದರೆ ಇಳಿಯಬೇಡಿ, ನಡೆಯಿರಿ. ರಬ್ಬರ್ ಗಟ್ಟೆಯ ಮೇಲಿನ ಗೀರುಗಳು ಸವೆದು ನುಣುಪಾಗಿದ್ದರೆ ಅದರ ಕಾಲ ಮುಗಿಯಿತು. ಇಳಿಯುವಾಗ ಬ್ರೇಕನ್ನು ಒತ್ತಿಯೇ ಹಿಡಿಯಬಾರದು. ಎರಡನ್ನೂ ಒಟ್ಟಿಗೆ ಒತ್ತಿ, ಬಿಡಿ, ಮತ್ತೆ ಒತ್ತಿ. ತಿರುವು ಬರುವ ಮೊದಲೇ ವೇಗ ಇಳಿಸಿ, ತಿರುವಿನ ಒಳಗೆ ಅಲ್ಲ.

ಇನ್ನೊಂದು ಮುಖ್ಯ ವಿಷಯ. ನಮ್ಮ ಕಾಂಕ್ರೀಟ್ ರಸ್ತೆಗಳ ಅಂಚು ಎಷ್ಟೋ ಕಡೆ ಪಕ್ಕದ ಮಣ್ಣಿಗಿಂತ ನಾಲ್ಕೈದು ಇಂಚು ಎತ್ತರ. ನಾನೊಮ್ಮೆ ಹಿಂದಿನಿಂದ ಬಂದ ಹಾರ್ನ್‌ಗೆ ಹೆದರಿ ಕೆಳಗಿಳಿದೆ. ವಾಪಸ್ ಮೇಲೆ ಬರಲು ಹ್ಯಾಂಡಲ್ ಓರೆ ಮಾಡಿದಾಗ ಮುಂದಿನ ಟೈರ್ ಅಂಚಿಗೆ ಉಜ್ಜಿಕೊಂಡು ಜಾರಿತು, ಮೊಣಕೈ ಪೂರ್ತಿ ಕೆಂಪು ಜಲ್ಲಿಯಲ್ಲಿ ಉಜ್ಜಿಹೋಯಿತು. ಕೆಳಗಿಳಿದರೆ ಅಲ್ಲೇ ನಿಲ್ಲಿ. ಸೈಕಲ್ ಎತ್ತಿ ಮೇಲಿಟ್ಟು ಮತ್ತೆ ಹೊರಡಿ. ಹೆಲ್ಮೆಟ್ ಬೇಕೇ ಬೇಕು. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಚು, ನೀರು ತುಂಬಿದ ಗುಂಡಿ ಎರಡೂ ಸೇರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಇಳಿತ ಬೇಡವೇ ಬೇಡ ಅನ್ನುತ್ತೇನೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಬಿಜೈ, ಲಾಲ್‌ಬಾಗ್ ಹತ್ತಿರ ಯಾವುದಾದರೂ ಸಣ್ಣ ಹೋಟೆಲ್‌ನಲ್ಲಿ ಬನ್ಸ್, ಚಹಾ. ಬಿಸಿ ಬನ್ಸ್ ಮುರಿದಾಗ ಒಳಗಿಂದ ಬಾಳೆಹಣ್ಣಿನ ವಾಸನೆಯ ಹಬೆ ಬರುತ್ತದಲ್ವಾ, ಆ ಹೊತ್ತಿಗೆ ಹತ್ತಿದ್ದೆಲ್ಲ ಮರೆತುಹೋಗಿರುತ್ತದೆ. ಎರಡಕ್ಕಿಂತ ಜಾಸ್ತಿ ತಿಂದರೆ ಮಾತ್ರ ಮುಂದೆ ತುಳಿಯುವುದು ಕಷ್ಟ.

ಲೇಡಿಹಿಲ್, ಉರ್ವ, ಬೋಳೂರು ಆಗಿ ಸುಲ್ತಾನ್ ಬತ್ತೇರಿಗೆ ಬನ್ನಿ. ಇಲ್ಲಿ ಸುಮ್ನೆ ಕಾಲು ಆಡಿಸಿಕೊಂಡು ಹೋಗಬಹುದು. ಗುರುಪುರ ಹೊಳೆಗೆ ಶತ್ರು ಹಡಗು ನುಗ್ಗದಂತೆ ಕಾಯಲು ಟಿಪ್ಪು 1784ರಲ್ಲಿ ಕಟ್ಟಿಸಿದ ಕಪ್ಪು ಕಲ್ಲಿನ ಕಾವಲು ಗೋಪುರ ಇದು. ಮೆಟ್ಟಿಲು ಹತ್ತಿ ನಿಂತರೆ ಹೊಳೆ, ದೋಣಿಗಳು, ಆಚೆ ತಣ್ಣೀರುಬಾವಿಯ ಮರಗಳು. ದೋಣಿ ದಾಟಿ ಕಡಲಿಗೆ ಹೋಗುವ ಆಸೆ ಆದರೆ ಸೈಕಲ್ ಹತ್ತಿಸಿಕೊಳ್ಳುತ್ತೀರಾ ಅಂತ ದೋಣಿಯವರನ್ನು ಮೊದಲೇ ಕೇಳಿ.

ವಾಪಸ್ ಹೋಗಲು ಬಂದ ದಾರಿ ಹಿಡಿಯಬೇಡಿ. ಕುದ್ರೋಳಿ, ಬಂದರು ಕಡೆಯಿಂದ ತಗ್ಗಿನಲ್ಲೇ ಹೋದರೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡ್‌ವರೆಗೆ ಕಾಲಿಗೆ ಅಷ್ಟೇನೂ ಶ್ರಮ ಇಲ್ಲ. ಮೀನಿನ ಲಾರಿಗಳಿಂದ ಬಂದರಿನ ರಸ್ತೆ ಒದ್ದೆ ಇರುತ್ತದೆ, ಅಲ್ಲಿ ನಿಧಾನ. ಅಲ್ಲಿಂದ ಹಂಪನಕಟ್ಟೆಗೆ ಒಂದು ಸಣ್ಣ ಏರು, ಅಷ್ಟೇ.